ನೋವು ನಿಂತಿತು ಎಂದರೆ ಹಲ್ಲು ವಾಸಿಯಾಯಿತು ಎಂದಲ್ಲ



ಹಸು, ಎಮ್ಮೆ, ಕರುಗಳ ಆರೋಗ್ಯದ ಬಗ್ಗೆ ಬರೆಯುವ ಈ ಪುಟದಲ್ಲಿ ಈ ಸಲ ನಿಮ್ಮ ಹಲ್ಲಿನ ಬಗ್ಗೆ ಬರೆಯುತ್ತಿದ್ದೇನೆ. ನಾನು ದಂತ ವೈದ್ಯೆಯಲ್ಲ, ಪಶುವೈದ್ಯೆ. ಆದರೂ ಬರೆಯಲು ಕಾರಣವಿದೆ. ಹಸು ಮೇವು ಮುಟ್ಟುತ್ತಿಲ್ಲ ಎಂದು ಬೆಳಿಗ್ಗೆ ಆರು ಗಂಟೆಗೇ ಫೋನ್ ಮಾಡುವ ನಿಮ್ಮಲ್ಲಿ ಕೆಲವರು, ನಾವು ಕೊಟ್ಟಿಗೆಗೆ ಬರುವ ಹೊತ್ತಿಗೆ ಸೆರಗಿನಿಂದ ಕೆನ್ನೆ ಒತ್ತಿಕೊಂಡು ನಿಂತಿರುತ್ತೀರಿ. ಹಲ್ಲುನೋವಾ ಎಂದು ಕೇಳಿದರೆ, "ರಾತ್ರಿ ಇತ್ತು ಡಾಕ್ಟ್ರೇ, ಮಾತ್ರೆ ನುಂಗಿದೆ, ಈಗ ಕಡಿಮೆಯಾಗಿದೆ. ಮೊದಲು ಹಸು ನೋಡಿ" ಎನ್ನುತ್ತೀರಿ.

"ಈಗ ಕಡಿಮೆಯಾಗಿದೆ" ಎಂಬ ಈ ಮಾತಿನಿಂದ ಎಷ್ಟೋ ಹಲ್ಲು ಹಾಳಾಗುತ್ತವೆ. ದಂತ ವೈದ್ಯರ ಬಳಿಗೆ ಯಾವಾಗ ಹೋಗಬೇಕು, ಹೋಗಿ ಏನು ಮಾಡಿಸಬೇಕು, ಯಾವಾಗ ಬಿಡಬೇಕು ಎಂಬುದನ್ನೆಲ್ಲ ನಾವು ನೋವನ್ನು ನೋಡಿಯೇ ತೀರ್ಮಾನಿಸುತ್ತೇವೆ. ಆದರೆ ಹಲ್ಲಿನ ವಿಷಯದಲ್ಲಿ ನೋವು ಬರುವುದು ತಡವಾಗಿ, ಮತ್ತು ಕಾಯಿಲೆ ಇರುವಾಗಲೇ ಅದು ನಿಂತುಬಿಡುತ್ತದೆ. ಇದು ಹೇಗೆ ಎಂದು ತಿಳಿದರೆ ಹಲ್ಲೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಹಲ್ಲು ಹುಳುಕಾಗುವುದು ಹೇಗೆ?

ಹಲ್ಲಿನಲ್ಲಿ ಹುಳು ಇರುವುದಿಲ್ಲ. ಸಂತೆಯಲ್ಲಿ ಹೊಗೆ ಹಾಕಿ ಹುಳು ತೆಗೆದು ತೋರಿಸುವವರನ್ನು ನಂಬಬೇಡಿ. ಹುಳುಕಾಗುವುದು ಬ್ಯಾಕ್ಟೀರಿಯಾಗಳಿಂದ. ಇದು ನಿಮಗೆ ಚೆನ್ನಾಗಿ ಗೊತ್ತಿರುವ ಸಂಗತಿಯೇ. ಸರಿಯಾಗಿ ತೊಳೆಯದ ಕ್ಯಾನಿಗೆ ಹಾಲು ಹಾಕಿದರೆ ಸಂಘಕ್ಕೆ ಮುಟ್ಟುವುದರೊಳಗೆ ಹುಳಿಯಾಗುತ್ತದೆ. ಕ್ಯಾನಿನ ಸಂದಿಯಲ್ಲಿ ಉಳಿದ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾಡುತ್ತವೆ. ಬಾಯಿಯಲ್ಲಿ ಆಗುವುದೂ ಅದೇ. ಹಲ್ಲಿನ ಸಂದಿಯಲ್ಲಿ ಕೂತ ಬ್ಯಾಕ್ಟೀರಿಯಾಗಳಿಗೆ ಟೀಯ ಸಕ್ಕರೆ, ಬೆಲ್ಲ, ಬಿಸ್ಕತ್ತು ಸಿಕ್ಕಿದರೆ ಆಮ್ಲ ಹುಟ್ಟುತ್ತದೆ. ಆ ಆಮ್ಲ ಹಲ್ಲಿನ ಸುಣ್ಣದ ಅಂಶವನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ.

ಎಷ್ಟು ಸಿಹಿ ತಿಂದಿರಿ ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದಿರಿ ಎಂಬುದು ಮುಖ್ಯ. ಹಾಲು ಕರೆಯುವ ಮೊದಲು ಒಂದು ಟೀ, ಸಂಘದಿಂದ ಬಂದು ಒಂದು, ಹುಲ್ಲು ತಂದು ಒಂದು ಎಂದು ಕುಡಿಯುವವರ ಹಲ್ಲಿಗೆ ಆಮ್ಲದಿಂದ ಬಿಡುವೇ ಸಿಗುವುದಿಲ್ಲ. ಟೀ ಕುಡಿದ ಮೇಲೆ ಒಂದು ಗುಟುಕು ನೀರಿನಿಂದ ಬಾಯಿ ಮುಕ್ಕಳಿಸುವ ರೂಢಿ ಇಟ್ಟುಕೊಂಡರೆ ಅಷ್ಟರಮಟ್ಟಿಗೆ ಒಳ್ಳೆಯದು.

ನೋವು ತಡವಾಗಿ ಬರುವುದು ಏಕೆ?

ಹಲ್ಲಿಗೆ ಮೂರು ಪದರ. ಮೇಲಿನದು ಎನಾಮಲ್. ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು ಇದು. ಇದರಲ್ಲಿ ನರವಿಲ್ಲ. ಆದ್ದರಿಂದ ಹುಳುಕು ಎನಾಮಲ್‌ನಲ್ಲಿ ಇರುವಷ್ಟು ದಿನ ನೋವೇ ಇರುವುದಿಲ್ಲ. ಅದರ ಒಳಗೆ ಸ್ವಲ್ಪ ಮೆತ್ತಗಿನ ಎರಡನೆಯ ಪದರ. ಎಲ್ಲಕ್ಕಿಂತ ಒಳಗೆ ತಿರುಳು. ರಕ್ತನಾಳ, ನರ ಎಲ್ಲ ಇರುವುದು ಈ ತಿರುಳಿನಲ್ಲಿ.

ಹುಳುಕು ಒಳಗೆ ಇಳಿದಂತೆ ನೋವಿನ ಬಗೆ ಬದಲಾಗುತ್ತದೆ.

* ತಣ್ಣೀರು, ಸಿಹಿ ತಾಗಿದಾಗ ಜುಮ್ ಎಂದು, ಕೂಡಲೇ ನಿಲ್ಲುವುದು: ಹುಳುಕು ಎರಡನೆಯ ಪದರಕ್ಕೆ ಬಂದಿರಬಹುದು. ಸಾಮಾನ್ಯವಾಗಿ ಒಂದೇ ಸಲಕ್ಕೆ ಸಿಮೆಂಟ್ ತುಂಬಿಸಿದರೆ ಹಲ್ಲು ಉಳಿಯುತ್ತದೆ. ಕಡಿಮೆ ಖರ್ಚಿನ, ಕಡಿಮೆ ನೋವಿನ ಕಾಲ ಇದೇ.
* ಬಿಸಿ ತಾಗಿದರೂ ನೋವು, ತಾಗಿದ್ದು ಹೋದ ಮೇಲೂ ಬಹಳ ಹೊತ್ತು ಸಿಡಿತ, ರಾತ್ರಿ ಮಲಗಿದಾಗ ತಾನಾಗಿಯೇ ಶುರುವಾಗುವ ನೋವು: ತಿರುಳಿಗೆ ಬಾವು ಬಂದಿದೆ. ಬೇರೆ ಕಡೆ ಬಾವು ಬಂದರೆ ಊದಿಕೊಳ್ಳಲು ಜಾಗವಿರುತ್ತದೆ. ತಿರುಳಿನ ಸುತ್ತ ಗಟ್ಟಿ ಗೋಡೆ ಇರುವುದರಿಂದ ಒಳಗೇ ಒತ್ತಡ ಏರುತ್ತದೆ. ಅದಕ್ಕೇ ಹಲ್ಲುನೋವು ಅಷ್ಟು ಭಯಂಕರ. ಈ ಹಂತದಲ್ಲಿ ಬರೀ ಸಿಮೆಂಟ್ ಸಾಲದು, ಬೇರಿನ ಚಿಕಿತ್ಸೆ, ಅಂದರೆ ರೂಟ್ ಕೆನಾಲ್ ಬೇಕಾಗುತ್ತದೆ.
* ಕೆಲವು ದಿನ ಸಿಡಿದು ಒಮ್ಮೆಗೇ ನೋವು ನಿಂತುಹೋಗುವುದು: ಎಲ್ಲರೂ ಮೋಸ ಹೋಗುವುದು ಇಲ್ಲೇ. ತಿರುಳು ಸತ್ತುಹೋಗಿದೆ, ನರವೂ ಸತ್ತಿದೆ, ಆದ್ದರಿಂದ ನೋವಿಲ್ಲ. ಆದರೆ ಸೋಂಕು ಸತ್ತಿಲ್ಲ. ಅದು ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿಯುತ್ತಿರುತ್ತದೆ.
* ವಾರವೋ ತಿಂಗಳೋ ಕಳೆದು, ಕಚ್ಚಿದರೆ ನೋವು, ಹಲ್ಲು ಎದ್ದು ನಿಂತಂತೆ ಅನಿಸುವುದು, ವಸಡಿನಲ್ಲಿ ಗುಳ್ಳೆ, ಕೆನ್ನೆ ಊತ: ಬೇರಿನ ಬುಡದಲ್ಲಿ ಕೀವು ಕಟ್ಟಿದೆ. ಗುಳ್ಳೆ ಒಡೆದು ಕೀವು ಸೋರಿದರೆ ನೋವು ಮತ್ತೆ ಇಳಿಯುತ್ತದೆ. ಅದೂ ವಾಸಿಯಾದದ್ದಲ್ಲ.

ಅಂದರೆ ನೋವು ಹೆಚ್ಚಿದಾಗ ಕಾಯಿಲೆ ಹೆಚ್ಚು, ಇಳಿದಾಗ ಕಡಿಮೆ ಎಂಬ ಲೆಕ್ಕ ಹಲ್ಲಿಗೆ ನಡೆಯುವುದಿಲ್ಲ.

ನೋವು ನಮ್ಮಿಂದ ಮಾಡಿಸುವ ನಾಲ್ಕು ತಪ್ಪು ತೀರ್ಮಾನಗಳು

1. "ನೋವು ಬಂದಾಗ ಹೋದರಾಯಿತು." ಮೇಲೆ ಹೇಳಿದಂತೆ, ನೋವು ಜೋರಾಗುವ ಹೊತ್ತಿಗೆ ಸುಲಭದ ಚಿಕಿತ್ಸೆಯ ಕಾಲ ಮುಗಿದಿರುತ್ತದೆ. ಸಿಮೆಂಟ್ ತುಂಬಿಸುವ ಖರ್ಚಿಗೆ ಹೋಲಿಸಿದರೆ ರೂಟ್ ಕೆನಾಲ್ ಮತ್ತು ಅದರ ಮೇಲಿನ ಕ್ಯಾಪ್‌ನ ಖರ್ಚು ಹಲವು ಪಟ್ಟು. ಹಣವಿಲ್ಲವೆಂದು ಮುಂದೂಡಿದವರೇ ಹೆಚ್ಚು ಹಣ ಕೊಡಬೇಕಾಗುತ್ತದೆ.

2. "ಮಾತ್ರೆ ನುಂಗಿದರೆ ಸಾಕು." ನೋವಿನ ಮಾತ್ರೆ ನೋವನ್ನು ಮುಚ್ಚುತ್ತದೆ, ಹುಳುಕನ್ನು ನಿಲ್ಲಿಸುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಪದೇ ಪದೇ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ತೊಂದರೆ ಆಗಬಹುದು. ರಕ್ತದೊತ್ತಡ, ಆಸ್ತಮಾ, ಮೂತ್ರಪಿಂಡದ ಕಾಯಿಲೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ನುಂಗಲೇಬಾರದು.

ಆ್ಯಂಟಿಬಯೋಟಿಕ್ ಕೂಡ ಒಂದೇ ಸಾಲದು. ಔಷಧ ರಕ್ತದ ಮೂಲಕ ತಲುಪಬೇಕು. ಸತ್ತ ತಿರುಳಿಗೆ ರಕ್ತವೇ ಹರಿಯುವುದಿಲ್ಲ. ಹಳೆಯ ಕೆಚ್ಚಲು ಬಾವಿನಿಂದ ಕಲ್ಲಿನಂತಾದ ಕೆಚ್ಚಲಿನ ಭಾಗಕ್ಕೆ ಎಷ್ಟು ಇಂಜೆಕ್ಷನ್ ಕೊಟ್ಟರೂ ಔಷಧ ಒಳಗೆ ಇಳಿಯುವುದು ಕಷ್ಟ ಎಂದು ನಿಮಗೆ ಹೇಳಿದ್ದೇವಲ್ಲ, ಹಾಗೆಯೇ. ಸೋಂಕಿನ ಮೂಲವನ್ನು ತೆಗೆಯಬೇಕು. ಮೆಡಿಕಲ್ ಅಂಗಡಿಯಲ್ಲಿ ಎರಡು ಮಾತ್ರೆ ಕೇಳಿ ಪಡೆದು, ನೋವು ಇಳಿದ ಕೂಡಲೇ ಬಿಡುವುದಂತೂ ಬೇಡವೇ ಬೇಡ.

ಇನ್ನೊಂದು ಮಾತನ್ನು ಪಶುವೈದ್ಯೆಯಾಗಿ ಖಡಾಖಂಡಿತವಾಗಿ ಹೇಳುತ್ತೇನೆ. ಹಸುವಿಗೆ ಕೊಟ್ಟು ಉಳಿದ ನೋವಿನ ಮಾತ್ರೆಯನ್ನು ಮುರಿದು ನೀವು ನುಂಗಬೇಡಿ. ಅದರ ಪ್ರಮಾಣ ನಾನೂರು ಕಿಲೋ ತೂಕದ ಜಾನುವಾರಿಗೆ ಲೆಕ್ಕ ಹಾಕಿದ್ದು.

ಲವಂಗದ ಎಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಅಷ್ಟೇ. ಹೆಚ್ಚು ಹಾಕಿದರೆ ವಸಡು ಸುಡುತ್ತದೆ. ಕಡ್ಡಿಪುಡಿ, ಹೊಗೆಸೊಪ್ಪನ್ನು ಹಲ್ಲಿನ ಸಂದಿಗೆ ಇಟ್ಟುಕೊಳ್ಳುವ ಅಭ್ಯಾಸ ಎಷ್ಟೋ ಜನರಿಗೆ ಶುರುವಾಗುವುದು ಹಲ್ಲುನೋವಿನಿಂದಲೇ. ನೋವು ಹೋದರೂ ಅಭ್ಯಾಸ ಹೋಗುವುದಿಲ್ಲ. ಬಾಯಿ ಕ್ಯಾನ್ಸರ್‌ಗೆ ಅದು ನೇರ ದಾರಿ.

3. "ಕಿತ್ತುಬಿಡಿ ಡಾಕ್ಟ್ರೇ." ರಾತ್ರಿಯೆಲ್ಲ ನಿದ್ದೆಗೆಟ್ಟವರಿಗೆ ಹಲ್ಲೇ ಬೇಡ ಅನಿಸುತ್ತದೆ. ಒಂದೇ ಸಲಕ್ಕೆ ಮುಗಿಯುತ್ತದೆ, ಖರ್ಚೂ ಕಡಿಮೆ, ಮತ್ತೆ ಮತ್ತೆ ಹಾಲು ಕರೆಯುವ ಹೊತ್ತು ತಪ್ಪಿಸಿ ಬರಬೇಕಾಗಿಲ್ಲ. ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಕಿತ್ತ ಜಾಗದ ಅಕ್ಕಪಕ್ಕದ ಹಲ್ಲುಗಳು ಕಾಲಕ್ರಮೇಣ ಆ ಖಾಲಿ ಜಾಗಕ್ಕೆ ವಾಲುತ್ತವೆ. ಎದುರಿನ ದವಡೆಯ ಹಲ್ಲು ಒತ್ತಲು ಜೊತೆಯಿಲ್ಲದೆ ಉದ್ದ ಬರುತ್ತದೆ. ಸಂದಿಗಳಲ್ಲಿ ಅನ್ನ ಸಿಕ್ಕಿಕೊಂಡು ಅವೂ ಹುಳುಕಾಗುತ್ತವೆ. ಎರಡು ದವಡೆ ಹಲ್ಲು ಹೋದರೆ ಮುದ್ದೆ ನುಂಗಬಹುದು, ಆದರೆ ಕಡಲೆ, ಕಾಳು, ಹಸಿ ತರಕಾರಿ, ಮಾಂಸ ಅಗಿಯುವುದು ಕಷ್ಟ. ಮೊದಲೇ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ನಮ್ಮ ಹೆಣ್ಣುಮಕ್ಕಳ ತಟ್ಟೆಯಿಂದ ಪೌಷ್ಟಿಕ ಪದಾರ್ಥಗಳೇ ಮರೆಯಾಗುತ್ತವೆ.

ಕೀಳಿಸಲೇಬೇಕಾದ ಹಲ್ಲುಗಳೂ ಇರುತ್ತವೆ. ವಸಡಿನ ಕೆಳಗಿನವರೆಗೆ ಮುರಿದದ್ದು, ತುಂಬಾ ಅಲ್ಲಾಡುವುದು, ಅಡ್ಡ ಬೆಳೆದು ಪದೇ ಪದೇ ಬಾವು ಬರಿಸುವ ಬುದ್ಧಿ ಹಲ್ಲು ಇಂಥವು. ಅದನ್ನು ವೈದ್ಯರು ಎಕ್ಸ್‌ರೇ ನೋಡಿ ಹೇಳಲಿ. ನೀವು ಕೇಳಬೇಕಾದ ಮೊದಲ ಪ್ರಶ್ನೆ "ಈ ಹಲ್ಲು ಉಳಿಯುತ್ತದಾ?" ಎಂಬುದು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬುದು ಮಾತ್ರ ಸುಳ್ಳು. ಆ ಭಯದಿಂದ ಕೀವು ತುಂಬಿದ ಹಲ್ಲನ್ನು ಇಟ್ಟುಕೊಳ್ಳುವುದೇ ಅಪಾಯ.

ರೂಟ್ ಕೆನಾಲ್ ಮಾಡಿಸುವವರಿಗೆ ಒಂದು ಎಚ್ಚರಿಕೆ. ಇದಕ್ಕೆ ಹಲವು ಬಾರಿ ಎರಡು ಮೂರು ಸಲ ಹೋಗಬೇಕಾಗುತ್ತದೆ. ಮೊದಲ ದಿನ ತಿರುಳು ತೆಗೆದು ತಾತ್ಕಾಲಿಕ ಸಿಮೆಂಟ್ ಇಡುತ್ತಾರೆ. ಅಲ್ಲಿಗೇ ನೋವು ಹೋಗುತ್ತದೆ, ಮನೆಯ ಕೆಲಸದಲ್ಲಿ ಎರಡನೆಯ ಸಲ ಮರೆತುಹೋಗುತ್ತದೆ. ಕೆಲವು ವಾರಗಳಲ್ಲಿ ಸಿಮೆಂಟ್ ಸವೆದು ಸೋಂಕು ಮತ್ತೆ ಹೊಗುತ್ತದೆ. ದವಡೆ ಹಲ್ಲಿಗೆ ಕ್ಯಾಪ್ ಹಾಕಿಸದಿದ್ದರೆ ಅದು ಒಂದು ದಿನ ಕಾಳು ಕಚ್ಚಿದಾಗ ಸೀಳುತ್ತದೆ. ಕೆಚ್ಚಲಿಗೆ ಟ್ಯೂಬ್ ಹಾಕುವಾಗ ಹಾಲು ಬೆಳ್ಳಗಾಯಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ ಎಂದು ನಾವು ಹೇಳುತ್ತೇವಲ್ಲ, ಇದೂ ಹಾಗೇ.

4. "ನನಗೆ ಸೂಜಿ, ಮಷೀನು ಎಂದರೆ ಭಯ." ದಂತ ವೈದ್ಯರು ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಿಗ್ನೋಕೇನ್. ತಂತಿ ಬೇಲಿಗೆ ಸಿಕ್ಕಿ ಮೊಲೆತೊಟ್ಟು ಹರಿದಾಗ ಹೊಲಿಗೆ ಹಾಕುವ ಮುಂಚೆ ನಾವು ಹಸುವಿಗೆ ಕೊಡುವುದೂ ಅದನ್ನೇ. ಒದೆಯುವ ಹಸುವೂ ಅದಾದ ಮೇಲೆ ಸುಮ್ಮನೆ ನಿಲ್ಲುವುದನ್ನು ನೀವು ನೋಡಿದ್ದೀರಿ. ಸೂಜಿ ಚುಚ್ಚಿದ ಆ ಒಂದು ಕ್ಷಣ ಬಿಟ್ಟರೆ ಮುಂದಿನದು ನೋಯುವುದಿಲ್ಲ.

ಆದರೆ ಇಲ್ಲಿ ಒಂದು ಗುಟ್ಟಿದೆ. ಕೀವು, ಬಾವು ಜೋರಾಗಿರುವ ಜಾಗದಲ್ಲಿ ಈ ಔಷಧ ಸರಿಯಾಗಿ ಹಿಡಿಯುವುದಿಲ್ಲ. ಬಾವು ಬಂದ ಜಾಗ ಹುಳಿಯಾಗಿರುವುದರಿಂದ, ಅಂದರೆ ಅಲ್ಲಿ ಆಮ್ಲದ ಅಂಶ ಹೆಚ್ಚಿರುವುದರಿಂದ, ಔಷಧ ನರದೊಳಗೆ ಇಳಿಯುವುದು ಕಡಿಮೆಯಾಗುತ್ತದೆ. ಹೀಗಾಗಿ ತೀರಾ ನೋವು ಬಂದ ಮೇಲೆ ಹೋದವರಿಗೆ ಚಿಕಿತ್ಸೆಯೂ ಹೆಚ್ಚು ನೋಯಬಹುದು. ಅವರು ಮನೆಗೆ ಬಂದು "ಅಬ್ಬಾ, ಪ್ರಾಣ ಹೋಯಿತು" ಎನ್ನುತ್ತಾರೆ. ಕೇಳಿದ ಸೊಸೆ, ನಾದಿನಿ, ಪಕ್ಕದ ಮನೆಯವರು ಹೆದರಿ ಇನ್ನಷ್ಟು ತಡ ಮಾಡುತ್ತಾರೆ. ತಡ ಮಾಡಿದ್ದರಿಂದ ಅವರಿಗೂ ನೋಯುತ್ತದೆ. ಈ ಸುತ್ತನ್ನು ಮುರಿಯುವ ದಾರಿ ಒಂದೇ: ನೋವು ಇಲ್ಲದಾಗ, ಅಥವಾ ಸ್ವಲ್ಪ ಇರುವಾಗಲೇ ಹೋಗುವುದು.

ನೋವೇ ಇಲ್ಲದ ಕಾಯಿಲೆಗಳು

ಸುಪ್ತ ಕೆಚ್ಚಲು ಬಾವಿನ ಬಗ್ಗೆ ನಾವು ಎಷ್ಟು ಸಲ ಹೇಳಿದ್ದೇವೆ! ಕೆಚ್ಚಲು ಮೆತ್ತಗೇ ಇರುತ್ತದೆ, ಹಸುವಿಗೆ ನೋವಿಲ್ಲ, ಹಾಲೂ ನೋಡಲು ಚೆನ್ನಾಗಿರುತ್ತದೆ. ಸಿಎಂಟಿ ತಟ್ಟೆಯಲ್ಲಿ ದ್ರಾವಣ ಬೆರೆಸಿ ಅಲ್ಲಾಡಿಸಿದಾಗ ಹಾಲು ಲೋಳೆಯಾದರೆ ಮಾತ್ರ ಕಾಯಿಲೆ ಗೊತ್ತಾಗುತ್ತದೆ. ಅಷ್ಟರಲ್ಲಿ ಇಳುವರಿ ಇಳಿದಿರುತ್ತದೆ.

ನಮ್ಮ ಬಾಯಿಯಲ್ಲಿ ಅಂಥದ್ದು ವಸಡಿನ ರೋಗ. ಹಲ್ಲುಜ್ಜುವಾಗ ರಕ್ತ, ಬಾಯಿ ವಾಸನೆ, ಹಲ್ಲಿನ ಬುಡದಲ್ಲಿ ಗಟ್ಟಿಯಾದ ಪಾಚಿ. ನೋವಿಲ್ಲ, ಆದ್ದರಿಂದ ಯಾರೂ ಹೋಗುವುದಿಲ್ಲ. ಒಳಗೆ ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತಿರುತ್ತದೆ. ಒಂದೂ ಹುಳುಕಿಲ್ಲದ ಹಲ್ಲುಗಳು ಅಲ್ಲಾಡಿ ಬೀಳುವುದು ಇದರಿಂದಲೇ. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ" ಎಂಬ ಮಾತು ಸರಿಯಲ್ಲ. ಮೂಳೆ ಮೊದಲೇ ಕರಗಿರುತ್ತದೆ. ಪಾಚಿ ತೆಗೆದಾಗ ಅದು ನಮಗೆ ಗೊತ್ತಾಗುತ್ತದೆ, ಅಷ್ಟೇ.

ಸಕ್ಕರೆ ಕಾಯಿಲೆ ಇರುವವರಿಗೆ ವಸಡಿನ ರೋಗ ಬೇಗ ಬರುತ್ತದೆ. ವಸಡಿನ ಸೋಂಕು ಇದ್ದರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಗರ್ಭಿಣಿಯರಲ್ಲಿಯೂ ವಸಡು ಊದಿ ರಕ್ತ ಬರುವುದುಂಟು. ಬಸಿರಿನಲ್ಲಿ ಹಲ್ಲಿನ ಚಿಕಿತ್ಸೆ ಮಾಡಿಸಲೇಬಾರದು ಎಂದೇನಿಲ್ಲ. ನಡುವಿನ ಮೂರು ತಿಂಗಳು ಅದಕ್ಕೆ ಅನುಕೂಲದ ಕಾಲ. ಬಸಿರು ಎಂದು ವೈದ್ಯರಿಗೆ ಮೊದಲೇ ತಿಳಿಸಿ.

ಇನ್ನೊಂದು ಇನ್ನೂ ಗಂಭೀರ. ಎಲೆ ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರ ಕೆನ್ನೆಯ ಒಳಗೆ ಅಥವಾ ನಾಲಿಗೆಯಲ್ಲಿ ಬಿಳಿ ಇಲ್ಲವೇ ಕೆಂಪು ಮಚ್ಚೆ, ಗಂಟು, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಅಗಲಿಸಲು ಬಿಗಿತ ಕಂಡರೆ ಕೂಡಲೇ ತೋರಿಸಿ. ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲ ಎಂಬುದೇ ಸುಮ್ಮನಿರಲು ಕಾರಣವಾಗಬಾರದು.

ಹಾಲು ಕರೆಯುವುದನ್ನೂ ಬಿಟ್ಟು ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

* ದವಡೆಯ ಕೆಳಗೆ, ಕುತ್ತಿಗೆಯ ಕಡೆಗೆ ಅಥವಾ ಕಣ್ಣಿನ ಕಡೆಗೆ ಹರಡುತ್ತಿರುವ ಊತ
* ಊತದ ಜೊತೆ ಜ್ವರ, ನಡುಕ
* ಬಾಯಿ ತೆರೆಯಲು, ಎಂಜಲು ನುಂಗಲು, ಉಸಿರಾಡಲು ಕಷ್ಟ

ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಉಸಿರಿನ ದಾರಿಯೇ ಮುಚ್ಚಬಹುದು, ಪ್ರಾಣಕ್ಕೆ ಅಪಾಯ. ಇದಕ್ಕೆ ಮಾತ್ರೆ, ಶಾಖ, ಮನೆಮದ್ದು ಎಂದು ಕಾಯಬೇಡಿ. ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೋಗಿ.

ಹಾಗಾದರೆ ಏನು ಮಾಡಬೇಕು?

*ನೋವಿನ ಬದಲು ಕ್ಯಾಲೆಂಡರ್ ನೋಡಿ.* ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸುತ್ತೀರಿ. ರೋಗ ಬಂದ ಮೇಲೆ ಹಾಕಿಸೋಣ ಎಂದು ಯಾರೂ ಕಾಯುವುದಿಲ್ಲ. ಹಸುವಿಗೆ ಲಸಿಕೆ ಬೀಳುವ ತಿಂಗಳಲ್ಲೇ ನಿಮ್ಮ ಹಲ್ಲನ್ನೂ ಒಮ್ಮೆ ತೋರಿಸಿ. ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ.

*ಕನ್ನಡಿಯ ಮುಂದೆ ನಿಂತು ನೋಡಿ.* ಹಸು ಕೊಳ್ಳುವಾಗ ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ನೋಡದೆ ಹಣ ಕೊಡುವುದಿಲ್ಲ. ಹಸುವಿಗೆ ಇರುವುದೂ 32 ಹಲ್ಲು, ನಮಗೂ 32. ತಿಂಗಳಿಗೊಮ್ಮೆ ಬೆಳಕಿನಲ್ಲಿ ನಿಂತು ನಿಮ್ಮ ಬಾಯಿಯನ್ನೂ ಹಾಗೇ ನೋಡಿಕೊಳ್ಳಿ. ಕಪ್ಪು ಗುಳಿ, ರಕ್ತ, ಮಚ್ಚೆ ಕಂಡರೆ ನೋವಿಲ್ಲದಿದ್ದರೂ ತೋರಿಸಿ.

*ಎಲ್ಲಿಗೆ ಹೋಗಬೇಕು?* ತಾಲ್ಲೂಕು ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ದಂತ ವಿಭಾಗ ಇರುತ್ತದೆ. ಮೊದಲು ಅಲ್ಲಿ ಕೇಳಿ. ಬೆಂಗಳೂರು, ಬಳ್ಳಾರಿಗಳಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಿವೆ. ಖಾಸಗಿ ದಂತ ಕಾಲೇಜುಗಳಲ್ಲೂ ಸಾಮಾನ್ಯವಾಗಿ ಕ್ಲಿನಿಕ್‌ಗಿಂತ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಸಿಗುತ್ತದೆ. ಬಿಪಿಎಲ್ ಕುಟುಂಬದ, ಹಲ್ಲು ಪೂರ್ತಿ ಉದುರಿದ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡಲು ರಾಜ್ಯ ಸರ್ಕಾರ 'ದಂತ ಭಾಗ್ಯ' ಯೋಜನೆ ತಂದಿದೆ. ನಿಮ್ಮ ಅತ್ತೆ ಮಾವಂದಿರಿಗಾಗಿ ಆಸ್ಪತ್ರೆಯಲ್ಲಿ ವಿಚಾರಿಸಿ.

*ಹೊತ್ತು ಹೊಂದಿಸಿಕೊಳ್ಳುವುದು ಹೇಗೆ?* ಸಿಮೆಂಟ್ ತುಂಬಿಸುವುದು, ಕ್ಲೀನ್ ಮಾಡಿಸುವುದು ಬೆಳಿಗ್ಗೆ ಹಾಲು ಹಾಕಿ ಹೋದರೆ ಸಂಜೆ ಕರೆಯುವುದರೊಳಗೆ ಮುಗಿಸಿ ಬರಬಹುದಾದ ಕೆಲಸ. ಹಲ್ಲು ಕೀಳಿಸಿದ ದಿನ ಮಾತ್ರ ಹುಲ್ಲಿನ ಹೊರೆ, ಹಾಲಿನ ಕ್ಯಾನ್ ಎತ್ತಬೇಡಿ. ಪದೇ ಪದೇ ಉಗುಳಬೇಡಿ, ಮರಗಟ್ಟಿದ್ದು ಬಿಡುವವರೆಗೆ ಬಿಸಿ ಟೀ ಬೇಡ. ಆ ಒಂದು ಹೊತ್ತು ಹಾಲು ಕರೆಯಲು ಮನೆಯವರಿಗೆ ಹೇಳಿ. ಖರ್ಚು ಹೆಚ್ಚೆನಿಸಿದರೆ, ಯಾವ ಹಲ್ಲು ಮೊದಲು, ಯಾವುದು ಮುಂದಿನ ಬಟವಾಡೆಗೆ ಎಂದು ವೈದ್ಯರ ಜೊತೆಯಲ್ಲೇ ಕೂತು ಗೊತ್ತು ಮಾಡಿಕೊಳ್ಳಿ.

*ವೈದ್ಯರನ್ನು ಕೇಳಬೇಕಾದ ಐದು ಪ್ರಶ್ನೆಗಳು:*

1. ಈ ಹಲ್ಲು ಉಳಿಯುತ್ತದಾ?
2. ಯಾವ ಯಾವ ಚಿಕಿತ್ಸೆ ಸಾಧ್ಯ? ಒಂದೊಂದಕ್ಕೆ ಖರ್ಚೆಷ್ಟು?
3. ಎಷ್ಟು ಸಲ ಬರಬೇಕು?
4. ಈಗ ಮಾಡಿಸದಿದ್ದರೆ ಏನಾಗುತ್ತದೆ?
5. ನೋವು ಹೋದ ಮೇಲೂ ಬರಬೇಕಾ?

ಐದನೆಯ ಪ್ರಶ್ನೆಯನ್ನು ಮರೆಯಬೇಡಿ. ಬೆಳಿಗ್ಗೆ, ಮತ್ತು ರಾತ್ರಿ ಊಟವಾದ ಮೇಲೆ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿ. ರಾತ್ರಿಯದು ಹೆಚ್ಚು ಮುಖ್ಯ. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು ಹಾಕಿ ತಿಕ್ಕಿದರೆ ಎನಾಮಲ್ ಸವೆಯುತ್ತದೆ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಇಂದು ಹಾಲಿನ ಬಟವಾಡೆಯಿಂದ ಎಷ್ಟೋ ಮನೆಗಳಿಗೆ ಕಡಲೆ ಬಂದಿದೆ. ಅದನ್ನು ದುಡಿದು ತಂದವರ ಬಾಯಲ್ಲಿ ಹಲ್ಲೂ ಇರಲಿ. ಮುಂದಿನ ಬಟವಾಡೆಯ ವಾರದಲ್ಲಿ ಒಂದು ದಿನ ಗುರುತು ಮಾಡಿಕೊಳ್ಳಿ. ಸಂಘದಲ್ಲಿ ಹಾಲು ಹಾಕುವಾಗ ಪಕ್ಕದಲ್ಲಿ ನಿಂತವರನ್ನೂ ಕೇಳಿ, ಇಬ್ಬರು ಮೂವರು ಸೇರಿ ಹೊರಟರೆ ಭಯವೂ ಕಡಿಮೆ, ಆಟೋ ಖರ್ಚೂ ಕಡಿಮೆ.

– ಪಶುವೈದ್ಯಾಧಿಕಾರಿ